ನಿಲುಗಡೆ ಯಾರ ಲೆಕ್ಕಕ್ಕೆ? ಕೆಲಸದ ಜಾಗದ ಜಗಳಗಳ ಬಗ್ಗೆ ಓದುಗರ ಪ್ರಶ್ನೆ, ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೈಕೆಳಗೆ ಹತ್ತು, ಇಪ್ಪತ್ತು, ನೂರು ಜನರನ್ನು ಇಟ್ಟುಕೊಂಡು ಕೆಲಸ ನಡೆಸಬೇಕಾದವರು ಬರೆದವು. ಕೆಲಸ ಗೊತ್ತಿದೆ, ಜನರನ್ನು ಸಂಭಾಳಿಸುವುದು ಗೊತ್ತಾಗುತ್ತಿಲ್ಲ ಎಂಬುದು ಎಲ್ಲರ ಅಳಲು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಗುರುತು ಸಿಗಬಾರದೆಂದು ಹೆಸರುಗಳನ್ನೂ ಕೆಲವು ವಿವರಗಳನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರಲ್ಲಿ ನಾನು ಉಪ ಪ್ರಧಾನ ವ್ಯವಸ್ಥಾಪಕ. ನಮ್ಮ ಚೀಫ್ ಎಂಜಿನಿಯರ್ ಮತ್ತು ಚೀಫ್ ಕೆಮಿಸ್ಟ್ ಇಬ್ಬರೂ ಕೆಲಸದಲ್ಲಿ ಗಟ್ಟಿಗರು. ಆದರೆ ಎರಡು ಹಂಗಾಮಿನಿಂದ ಒಬ್ಬರ ಮುಖವನ್ನು ಒಬ್ಬರು ನೋಡುತ್ತಿಲ್ಲ. ಮಿಲ್ ನಿಂತಾಗಲೆಲ್ಲ ಇಬ್ಬರೂ ಬೇರೆ ಬೇರೆಯಾಗಿ ನನ್ನ ಕೋಣೆಗೆ ಬಂದು ಇನ್ನೊಬ್ಬರ ಮೇಲೆ ಹೇಳುತ್ತಾರೆ. ಒಮ್ಮೆ ಕೂಡಿಸಿ ಚಹಾ ಕುಡಿಸಿ ಕೈ ಕುಲುಕಿಸಿದೆ. ಎರಡು ದಿನ ಸರಿ ಹೋಗಿ ಮತ್ತೆ ಮೊದಲಿನಂತೆಯೇ ಆಯಿತು. ಇವರ ಸ್ವಭಾವವೇ ಇಷ್ಟು ಎಂದು ಕೈಬಿಡಬೇಕೆ?

ಉತ್ತರ: ಸ್ವಭಾವದ ಮಾತನ್ನು ಕಡೆಗೆ ಇಟ್ಟುಕೊಳ್ಳೋಣ. ಮೊದಲು ನಿಮ್ಮ ಕಾರ್ಖಾನೆಯ ಲಾಗ್ ಬುಕ್ ತೆಗೆದು ನೋಡಿ. ಮಿಲ್ ನಿಂತ ಪ್ರತಿ ನಿಮಿಷವನ್ನೂ ಅಲ್ಲಿ ಯಾವುದಾದರೊಂದು ತಲೆಬರಹದ ಕೆಳಗೆ ಬರೆಯಬೇಕಾಗುತ್ತದೆ: ಕಬ್ಬು ಬರಲಿಲ್ಲ, ಎಂಜಿನಿಯರಿಂಗ್ ದೋಷ, ಪ್ರೋಸೆಸ್ ದೋಷ (ರಸದಿಂದ ಸಕ್ಕರೆ ಮಾಡುವ ಕೆಮಿಸ್ಟರ ವಿಭಾಗದ್ದು), ಇತರೆ. ತಿಂಗಳ ಕೊನೆಗೆ ಆ ಗಂಟೆಗಳನ್ನು ಕೂಡಿಸಿ ಆಡಳಿತ ಮಂಡಳಿಯ ಮುಂದೆ ಇಡುತ್ತಾರೆ. ಬೆಳಗಿನ ನಾಲ್ಕಕ್ಕೆ ಪಾಳಿ ಬದಲಾಗುವ ಹೊತ್ತಿನಲ್ಲಿ ಮಿಲ್ ನಲವತ್ತು ನಿಮಿಷ ನಿಂತಿತೆನ್ನಿ. ಆ ನಲವತ್ತು ನಿಮಿಷ ತಮ್ಮ ಅಂಕಣಕ್ಕೆ ಬೀಳದಂತೆ ನೋಡಿಕೊಳ್ಳುವುದೇ ಇಬ್ಬರಿಗೂ ಮೊದಲ ಕೆಲಸವಾಗುತ್ತದೆ, ಮಿಲ್ ತಿರುಗಿಸುವುದು ಆಮೇಲಿನದು. ಇವರಿಬ್ಬರನ್ನೂ ತೆಗೆದು ಸಾಧು ಸ್ವಭಾವದ ಬೇರೆ ಇಬ್ಬರನ್ನು ತಂದು ಕೂರಿಸಿದರೂ ಎರಡನೆಯ ಹಂಗಾಮಿನ ಹೊತ್ತಿಗೆ ಅವರೂ ಹೀಗೆಯೇ ಆಗುತ್ತಾರೆಂದು ನಾನು ನಂಬುತ್ತೇನೆ.

ಇನ್ನೂ ಸ್ವಲ್ಪ ಒಳಗೆ ಹೋಗಿ ನೋಡಿ. ಕೊನೆಯ ಮಿಲ್ಲಿಗೆ ಹೋಗುವ ಬಗ್ಯಾಸಿನ, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯ ಮೇಲೆ ಇಂಬಿಬಿಷನ್ ನೀರು ಬಿಡುತ್ತಾರಲ್ಲ, ಅರ್ಧ ಜಗಳ ಆ ನೀರಿನಲ್ಲೇ ಇದೆ. ನೀರು ಹೆಚ್ಚು ಬಿಟ್ಟರೆ ಸಿಪ್ಪೆಯಲ್ಲಿ ಉಳಿದ ಸಕ್ಕರೆ ರಸದ ಜೊತೆ ಬರುತ್ತದೆ, ಕೆಮಿಸ್ಟರ ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಆ ನೀರನ್ನೆಲ್ಲ ಇವ್ಯಾಪರೇಟರಿನಲ್ಲಿ ಮತ್ತೆ ಆವಿ ಮಾಡಿ ತೆಗೆಯಬೇಕು, ಅದಕ್ಕೆ ಸ್ಟೀಮ್ ಬೇಕು. ಬಾಯ್ಲರಿಗೆ ಉರುವಲಾಗುವ ಬಗ್ಯಾಸಿನ ತೇವ ಶೇ. 50ರ ಆಸುಪಾಸಿನಲ್ಲಿರದೆ ಮೇಲೇರಿತೆಂದರೆ ಬಾಯ್ಲರಿನ ಉರಿ ಕುಗ್ಗುತ್ತದೆ, ಸ್ಟೀಮ್ ಪ್ರೆಶರ್ ಇಳಿಯುತ್ತದೆ, ಅತ್ತ ಮಿಲ್ಲೂ ನಿಧಾನವಾಗುತ್ತದೆ, ಇತ್ತ ಸಕ್ಕರೆ ಪಾಕ ಕುದಿಸುವ ಪ್ಯಾನುಗಳೂ ಸ್ಟೀಮಿಗಾಗಿ ಕಾದು ನಿಲ್ಲುತ್ತವೆ. ಆಗ ಎಂಜಿನಿಯರರ ಲೆಕ್ಕ ಕೆಡುತ್ತದೆ. ಒಬ್ಬರು "ನೀರ ಕಡಿಮಿ ಮಾಡ್ರಿ" ಎಂದರೆ ಇನ್ನೊಬ್ಬರು "ನಿಮ್ಮ ರೋಲರ್ ಸರಿ ಹಿಂಡಂಗಿಲ್ಲ, ಅದನ್ನ ಮೊದಲ ನೋಡ್ರಿ" ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಒಬ್ಬರನ್ನು ರಿಕವರಿಯಿಂದಲೂ (ಕಬ್ಬಿನಿಂದ ಕೈಗೆ ಬಂದ ಸಕ್ಕರೆಯ ಪ್ರಮಾಣ) ಇನ್ನೊಬ್ಬರನ್ನು ನುರಿಸಿದ ಟನ್ನುಗಳಿಂದಲೂ ಅಳೆಯುವ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡು ಅವರಿಂದ ಸ್ನೇಹವನ್ನು ನಿರೀಕ್ಷಿಸುವುದು ಅವರಿಗೆ ಮಾಡುವ ಅನ್ಯಾಯ. ಚಹಾ ಕುಡಿಸಿ ಕೈ ಕುಲುಕಿಸಿದ್ದು ನಿಮ್ಮ ಒಳ್ಳೆಯತನ. ಆದರೆ ಎರಡು ದಿನ ಕಳೆಯುತ್ತಲೇ ಅದೇ ಲಾಗ್ ಬುಕ್ ಅವರಿಬ್ಬರ ನಡುವೆ ಬಂದು ಕೂತಿತು.

ಆದ್ದರಿಂದ ನೀವು ಕೈ ಹಾಕಬೇಕಾದದ್ದು ಬರೆಯುವ ಪದ್ಧತಿಗೆ. ಹದಿನೈದು ನಿಮಿಷ ಮೀರಿದ ಯಾವುದೇ ನಿಲುಗಡೆಯ ಕಾರಣವನ್ನು, ಆ ಪಾಳಿಯ ಎಂಜಿನಿಯರ್ ಮತ್ತು ಕೆಮಿಸ್ಟ್ ಇಬ್ಬರೂ ಜಾಗಕ್ಕೆ ಹೋಗಿ ನೋಡಿ ಒಂದೇ ಟಿಪ್ಪಣಿಯಲ್ಲಿ ಸಹಿ ಮಾಡಿ ಬರೆಯುವಂತೆ ಮಾಡಿ. ಒಪ್ಪಿಗೆಯಾಗದಿದ್ದರೆ ಅದು ಇಬ್ಬರಿಗೂ ಸೇರಿದ ಲೆಕ್ಕಕ್ಕೆ ಹೋಗಲಿ. ನುರಿಸಿದ ಕಬ್ಬು, ರಿಕವರಿ ಎರಡರ ಹೊಣೆಯೂ ಇಬ್ಬರದೂ ಹೌದೆಂದು ಪ್ರಧಾನ ವ್ಯವಸ್ಥಾಪಕರಿಂದ ಲಿಖಿತವಾಗಿ ಹೇಳಿಸಿ. ದಿನವೂ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಕೋಣೆಯಲ್ಲಲ್ಲ, ಮಿಲ್ ಹೌಸಿನಲ್ಲಿ, ನಿಂತುಕೊಂಡೇ ಹದಿನೈದು ನಿಮಿಷ ಮೂವರೂ ಮಾತನಾಡಿ: ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ತೇವ ಎಷ್ಟಿತ್ತು, ಪ್ರೆಶರ್ ಎಲ್ಲಿ ಬಿತ್ತು, ಇವತ್ತು ನೀರು ಎಷ್ಟು ಬಿಡುವುದು.

ಎರಡನೆಯದು ನಿಮಗೆ ಸಂಬಂಧಿಸಿದ್ದು, ಕೇಳಲು ಕಹಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸಾಗಿಸುವ ಕೆಲಸವನ್ನು ಎರಡು ಹಂಗಾಮಿನಿಂದ ನೀವೇ ಮಾಡುತ್ತ ಬಂದಿದ್ದೀರಿ. ಕೋಣೆಗೆ ಬಂದವರ ದೂರನ್ನು ತಾಳ್ಮೆಯಿಂದ ಕೇಳಿ ತಲೆಯಾಡಿಸಿದಾಗ, ಸಾಹೇಬರು ನನ್ನ ಕಡೆ ಇದ್ದಾರೆ ಎಂದುಕೊಂಡು ಇಬ್ಬರೂ ಹೊರಗೆ ಹೋಗುತ್ತಾರೆ. ಇನ್ನು ಮುಂದೆ ಯಾರು ಬಂದರೂ "ಇದನ್ನ ಅವರ ಮುಂದನ ಹೇಳ್ರಿ, ಈಗನ ಕರಸ್ತೀನಿ" ಎಂದು ಹೇಳಿ, ಹೇಳಿದಂತೆ ಕರೆಸಿ. ಮೊದಲ ವಾರ ಇಬ್ಬರಿಗೂ ನಿಮ್ಮ ಮೇಲೆ ಮುನಿಸು ಬರುತ್ತದೆ, ಬರಲಿ.

ಒಂದು ರಾತ್ರಿ ಇಬ್ಬರನ್ನೂ ಕರೆದುಕೊಂಡು ಯಾರ್ಡಿಗೆ ಹೋಗಿ ಬನ್ನಿ. ಮಿಲ್ ನಿಂತ ರಾತ್ರಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿರುತ್ತದೆ. ಟ್ರೇಲರಿನ ಕೆಳಗೆ ರಗ್ಗು ಹಾಸಿ, ತಲೆಗೆ ಟವೆಲ್ ಸುತ್ತಿಕೊಂಡು ಚಾಲಕರು ಮಲಗಿರುತ್ತಾರೆ. ಕಡಿದ ಕಬ್ಬು ಕಾದಷ್ಟೂ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ತೂಕದ ನಷ್ಟ ನೇರವಾಗಿ ರೈತನ ಬಿಲ್ಲಿಗೆ ಹೋಗುತ್ತದೆ. ನಿಮ್ಮ ಇಬ್ಬರು ಅಧಿಕಾರಿಗಳ ಮೌನದ ಬೆಲೆಯನ್ನು ಯಾರು ಕೊಡುತ್ತಿದ್ದಾರೆ ಎಂಬುದನ್ನು ಅವರಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಅಲ್ಲಿ ನಿಲ್ಲಿಸಿ ತೋರಿಸುವುದು ಮೇಲು. ಇಷ್ಟೆಲ್ಲ ಬದಲಾದ ಮೇಲೂ ಒಬ್ಬರು ಇನ್ನೊಬ್ಬರನ್ನು ಸಿಬ್ಬಂದಿಯ ಎದುರು ಹಳಿಯುವುದನ್ನು ಬಿಡದಿದ್ದರೆ, ಆಗ ಸ್ವಭಾವದ ಪ್ರಶ್ನೆ ಬರುತ್ತದೆ. ಅದನ್ನು ಹೇಗೆ ಎತ್ತಿಕೊಳ್ಳಬೇಕೆಂಬುದು ಮುಂದಿನ ಪತ್ರದ ಉತ್ತರದಲ್ಲಿದೆ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯೊಂದರಲ್ಲಿ ಎಂಟು ತಿಂಗಳ ಹಿಂದೆ ಸುಪರ್‌ವೈಜರ್ ಆದೆ. ವಯಸ್ಸು 31, ಓದಿದ್ದು ಡಿಪ್ಲೊಮಾ. ಎರಕಕ್ಕೆ ಮರಳಿನ ಅಚ್ಚು ಮಾಡುವ ಮೋಲ್ಡಿಂಗ್ ವಿಭಾಗದಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ. ನಾನು ಕೆಲಸ ಕಲಿತದ್ದು ಅವರ ಕೈಯಲ್ಲೇ, ಕಾಕಾ ಎಂದೇ ಕರೆಯುತ್ತೇನೆ. ಈಗ ಏನು ಹೇಳಿದರೂ "ನಿನ್ನಿ ಮೊನ್ನಿ ಬಂದಾಂವ ನೀ, ನನಗ ಮರಳ ಕಲಸೂದು ಕಲಸ್ತಿ?" ಎಂದು ಎಲ್ಲರೆದುರು ಅನ್ನುತ್ತಾರೆ. ಮರಳಿನ ತೇವ ಅಳೆಯುವ ಮೀಟರ್ ಮುಟ್ಟುವುದಿಲ್ಲ. ಹೊರರಾಜ್ಯದಿಂದ ಬಂದ ಹುಡುಗರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ, ಮೂವರು ಬಿಟ್ಟು ಹೋದರು. ಎರಕದೊಳಗೆ ಬ್ಲೋ ಹೋಲ್ (ಗಾಳಿಯ ತೂತು) ಬಿದ್ದು ರಿಜೆಕ್ಷನ್ ಹೆಚ್ಚಾಗಿದೆ. ಅವರ ಮನೆಮಾತು ಮರಾಠಿ, ನನ್ನದು ಕನ್ನಡ. ಕೆಲವರು ಇದನ್ನು ಭಾಷೆಯ ಜಗಳ ಎಂದು ಹಬ್ಬಿಸುತ್ತಿದ್ದಾರೆ. ಮಾಲೀಕರು "ನೀನ ನೋಡ್ಕೋ" ಎನ್ನುತ್ತಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಸಿಕ್ಕುಹಾಕಿಕೊಂಡಿವೆ. ನಿಮಗಾಗುವ ಅವಮಾನ, ಮರಳಿನ ತೇವ, ಹುಡುಗರಿಗೆ ಬೀಳುವ ಬೈಗುಳ. ನಿಮ್ಮ ಮನಸ್ಸನ್ನು ಹೆಚ್ಚು ಕೊರೆಯುತ್ತಿರುವುದು ಮೊದಲನೆಯದು, ಅದು ಸಹಜ. ಆದರೆ ನೀವು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕೊನೆಯದನ್ನು. ನಿಮಗೆ ಅಂದ ಮಾತಿಗೆ ಉತ್ತರ ಕೊಡಲು ನಿಮಗೆ ಹುದ್ದೆಯಿದೆ, ಸ್ವಂತ ಊರಿದೆ, ಮನೆಗೆ ಹೋದರೆ ಹೇಳಿಕೊಳ್ಳಲು ಜನರಿದ್ದಾರೆ. ಸಾವಿರ ಮೈಲಿ ದೂರದಿಂದ ಬಂದು ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಆ ಹುಡುಗರಿಗೆ ಅದ್ಯಾವುದೂ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಕಾರಣವೊಂದಿದೆ. ಹಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ಅಧಿಕಾರಿಯಾಗಿದ್ದಾಗ, ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರ ಬಾಯಿ ಕೆಟ್ಟದ್ದೆಂದು ಎಲ್ಲರಿಗೂ ಗೊತ್ತಿತ್ತು. ಕೆಲಸಗಾರ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಉಳಿದಿದೆ, ಯಾಕೆ ಮೈಮೇಲೆ ಹಾಕಿಕೊಳ್ಳುವುದು ಎಂದು ನಾನು ಸುಮ್ಮನಿದ್ದೆ. ಅವರ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಒಂದು ದಿನ ರಾಜೀನಾಮೆ ತಂದುಕೊಟ್ಟಳು. ಕಾರಣದ ಜಾಗದಲ್ಲಿ "ಮನೆಯ ತೊಂದರೆ" ಎಂದು ಬರೆದಿದ್ದಳು. ಹಾಳೆಯನ್ನು ನನ್ನ ಕೈಗೆ ಕೊಡುವಾಗ ಅವಳ ಬಲಗೈ ಹೆಬ್ಬೆರಳಿನ ಉಗುರು ರಕ್ತ ಬರುವಷ್ಟು ಕಚ್ಚಿಹೋಗಿದ್ದುದನ್ನು ನೋಡಿದೆ. ಬಾಗಿಲ ತನಕ ಹೋಗಿ ತಿರುಗಿ, "ಸರ್, ನಿಮಗ ಗೊತ್ತಿತ್ತಲ್ರಿ" ಎಂದಷ್ಟೇ ಹೇಳಿ ಹೋದಳು. ಗೊತ್ತಿತ್ತು. ತಂಟೆಕೋರರನ್ನು ಮುಟ್ಟದೆ ಬಿಟ್ಟಾಗ ನಾವು ಶಾಂತಿ ಕಾಪಾಡಿದೆವೆಂದುಕೊಳ್ಳುತ್ತೇವೆ. ನಿಜದಲ್ಲಿ ಸುಮ್ಮನಿರುವವರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸುತ್ತಿರುತ್ತೇವೆ. ನಿಮ್ಮಲ್ಲಿ ಈಗಾಗಲೇ ಮೂವರು ಹೋಗಿದ್ದಾರೆ.

ಹಾಗಾದರೆ ಮಾತನಾಡುವುದು ಹೇಗೆ? ಪಾಳಿ ನಡೆದಿರುವಾಗ ಬೇಡ, ನಾಲ್ಕು ಜನರ ಎದುರು ಬೇಡ, ಸಿಟ್ಟು ಬಂದ ದಿನವೂ ಬೇಡ. ಮಾರನೆಯ ದಿನ ಪಾಳಿ ಮುಗಿದು ಕೈಕಾಲು ತೊಳೆದುಕೊಂಡ ಮೇಲೆ ಅವರೊಬ್ಬರನ್ನೇ ಕರೆಯಿರಿ. "ನೀವು ಯಾವಾಗಲೂ ಹಿಂಗ", "ನಿಮ್ಮ ಸ್ವಭಾವ ಸರಿ ಇಲ್ಲ" ಎಂಬ ಮಾತು ಬಾಯಿಗೆ ಬರಬಾರದು, ಏಕೆಂದರೆ ಅದಕ್ಕೆ ಅವರು ಜನ್ಮವಿಡೀ ವಾದ ಮಾಡಬಲ್ಲರು. ನಡೆದದ್ದನ್ನಷ್ಟೇ ಹೇಳಿ: "ಕಾಕಾ, ನಿನ್ನಿ ಮಧ್ಯಾಹ್ನ ಬಾಕ್ಸ್ ಹೊರಳಸೂ ಮುಂದ ಆ ಹುಡುಗಗ ಅವ್ವನ್ನ ಹಿಡದು ಬೈದ್ರಿ. ನಾನೂ ಕೇಳೀನಿ, ಇನ್ನ ನಾಕ ಮಂದೀನೂ ಕೇಳ್ಯಾರ. ಅಂವ ಇವತ್ತ ಕೆಲಸಕ್ಕ ಬಂದಿಲ್ಲ. ಇನ್ನ ಮುಂದ ಇದು ನಡಿಯಂಗಿಲ್ರಿ." ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಿ. ಇಲ್ಲಿ ಹೊಸ ಸುಪರ್‌ವೈಜರುಗಳು ಸೋಲುತ್ತಾರೆ. ಎದುರಿನವರು ಸುಮ್ಮನೆ ಕೂತರೆ ತಡೆಯಲಾಗದೆ "ಹಂಗಂತ ನೀವ ತಪ್ಪ ಅಂತಲ್ಲ" ಎಂದು ತಾವೇ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಅವರು ಮಾತಾಡುವ ತನಕ ಕಾಯಿರಿ. ಬಹುಶಃ ಅವರು ಹೇಳುವುದು ಹುಡುಗರ ವಿಷಯವಾಗಿರುವುದಿಲ್ಲ, ತಮ್ಮ ವಿಷಯವಾಗಿರುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಿ.

ಆ ವಿಷಯ ಏನಿರಬಹುದೆಂದು ನಾನು ಊಹಿಸಬಲ್ಲೆ. ಇಪ್ಪತ್ತೈದು ವರ್ಷ ದುಡಿದವರನ್ನು ಬಿಟ್ಟು ಅವರ ಕೈಯಲ್ಲಿ ಕಲಿತ ಹುಡುಗನನ್ನು ಮೇಲೆ ಕೂರಿಸಿದಾಗ, ಅದಕ್ಕೆ ಕಾರಣವೇನೆಂದು ಅವರಿಗೆ ಯಾರಾದರೂ ಕೂಡಿಸಿ ಹೇಳಿದ್ದಾರೆಯೇ? ಹೇಳಿರಲಾರರು. ಅದು ಮಾಲೀಕರ ಕೆಲಸ, "ನೀನ ನೋಡ್ಕೋ" ಎಂದು ನಿಮ್ಮ ಮೇಲೆ ಹಾಕುವಂಥದಲ್ಲ. ಮಾಲೀಕರ ಬಳಿ ಹೋಗಿ ಇದೊಂದನ್ನು ಮಾತ್ರ ಕೇಳಿ: ಕಾಕಾರನ್ನು ಕರೆದು ಈ ನಿರ್ಧಾರ ತನ್ನದೆಂದೂ, ಕಾರಣ ಇಂಥದೆಂದೂ, ಅವರ ಸ್ಥಾನ ಏನೆಂದೂ ಸ್ವತಃ ಹೇಳಬೇಕು.

ಮೀಟರಿನ ಜಗಳವೂ ಅಲ್ಲಿಂದಲೇ ಹುಟ್ಟಿದ್ದು. ಹಳೆಯ ಮೋಲ್ಡರುಗಳು ಮರಳನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಾರೆ, ಉಂಡೆಯನ್ನು ನಡುವೆ ಮುರಿಯುತ್ತಾರೆ, ಮುರಿದ ಅಂಚು ಚೂಪಾಗಿ ನಿಂತಿತೋ ಉದುರಿತೋ ನೋಡುತ್ತಾರೆ, ಅಂಗೈಗೆ ಎಷ್ಟು ಅಂಟಿತೆಂದು ನೋಡುತ್ತಾರೆ. ಅದು ವಿದ್ಯೆ. ಆದರೆ ಮರಳಿನಲ್ಲಿ ಶೇ. 3ರಿಂದ 4ರಷ್ಟು ಇರಬೇಕಾದ ತೇವ ಸ್ವಲ್ಪ ಹೆಚ್ಚಾದರೂ, 1,350 ಡಿಗ್ರಿಗೂ ಮೇಲೆ ಕಾದ ಕಬ್ಬಿಣ ಬಿದ್ದಾಗ ಆ ನೀರು ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಕಾಸ್ಟಿಂಗಿನೊಳಗೆ ತೂತಾಗಿ ಉಳಿಯುತ್ತದೆ. ಮೀಟರ್ ಬೇಕೇ ಬೇಕು. ಎರಡು ವಾರ ಹೀಗೆ ಮಾಡಿ: ಪ್ರತಿ ಸಲ ಮರಳು ಕಲಸಿದಾಗ ಕಾಕಾ ಮೊದಲು ಮುಷ್ಟಿಯಲ್ಲಿ ಹಿಡಿದು ಹೇಳಲಿ, ಆಮೇಲೆ ಮೀಟರ್ ಹೇಳಲಿ, ಎರಡನ್ನೂ ಅಕ್ಕಪಕ್ಕ ಬೋರ್ಡಿನ ಮೇಲೆ ಬರೆಯಿರಿ, ಆ ಮರಳಿನ ಬಾಕ್ಸುಗಳಲ್ಲಿ ಎಷ್ಟು ರಿಜೆಕ್ಟ್ ಆದವೆಂಬುದನ್ನೂ ಬರೆಯಿರಿ. ಕಾಕಾರ ಕೈ ಸರಿಯಿದ್ದರೆ ನೀವು ಎಲ್ಲರೆದುರು ಒಪ್ಪಿಕೊಳ್ಳಿ ಮತ್ತು ತೂತಿಗೆ ಕಾರಣ ಬೇರೆ ಕಡೆ ಹುಡುಕಿ, ಆವಿ ಹೊರಹೋಗುವ ವೆಂಟ್ ಸಾಲದಿರಬಹುದು, ಅಚ್ಚಿನೊಳಗೆ ಇಡುವ ಕೋರ್ ಒಣಗದೆ ಇರಬಹುದು. ಕೈ ತಪ್ಪಿದ್ದರೆ ಬೋರ್ಡು ಹೇಳುತ್ತದೆ, ನೀವು ಹೇಳಬೇಕಾಗಿಲ್ಲ. ಎರಡೂ ಸಂದರ್ಭದಲ್ಲಿ, ಹೊಸ ಹುಡುಗರಿಗೆ ಆ ಮುಷ್ಟಿಯ ವಿದ್ಯೆ ಕಲಿಸುವ ಹೊಣೆಯನ್ನು ಅವರಿಗೆ ಅಧಿಕೃತವಾಗಿ ಕೊಡಿ. ಬೈಯುತ್ತಿದ್ದ ಹುಡುಗರೇ ತನ್ನ ಶಿಷ್ಯರಾದಾಗ ಬಾಯಿ ತಾನಾಗಿ ಹದಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ. ಬಾರದೆ ಇದ್ದದ್ದನ್ನೂ ನೋಡಿದ್ದೇನೆ.

ಬಾರದೆ ಇದ್ದರೆ ಬರವಣಿಗೆಗೆ ಇಳಿಯಬೇಕು. ದಿನಾಂಕ, ಆಡಿದ ಮಾತು, ಕೇಳಿದವರು ಎಲ್ಲವನ್ನೂ ಬರೆದು ನೋಟಿಸ್ ಕೊಡಿಸಿ, ಅವರ ವಿವರಣೆ ಪಡೆಯಿರಿ, ಬೇಕಾದರೆ ವಿಚಾರಣೆ ನಡೆಯಲಿ. ಬಾಯಿಮಾತಿನಲ್ಲಿ "ನಾಳಿಂದ ಬರಬ್ಯಾಡ" ಎನ್ನುವುದು ಕಾನೂನಿನಲ್ಲೂ ನಿಲ್ಲುವುದಿಲ್ಲ, ಇಪ್ಪತ್ತೈದು ವರ್ಷದ ದುಡಿಮೆಗೆ ಸಲ್ಲುವ ಮರ್ಯಾದೆಯೂ ಅಲ್ಲ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಾನ ಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕೆಂದು ಕಾನೂನು ಹೇಳುತ್ತದೆ. ನಿಮ್ಮಲ್ಲಿ ಅದಿದೆಯೇ ವಿಚಾರಿಸಿ. ಇದ್ದರೆ ಅದರ ಬಾಗಿಲು ಆ ಹುಡುಗರಿಗೂ ತೆರೆದಿದೆಯೆಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ.

ಭಾಷೆಯ ಮಾತು ಬಂತು. ಬೆಳಗಾವಿಯಲ್ಲಿ ಯಾವ ಜಗಳಕ್ಕೂ ಭಾಷೆಯ ಹೆಸರು ಹಚ್ಚುವುದು ಬಹಳ ಸುಲಭ, ಹಚ್ಚಿದ ಮೇಲೆ ತೆಗೆಯುವುದು ಬಹಳ ಕಷ್ಟ. ಯಾರಾದರೂ ನಿಮ್ಮ ಮುಂದೆ ಆ ಮಾತು ತೆಗೆದರೆ "ಇದು ರಿಜೆಕ್ಷನ್ ಮಾತು, ಬೈಗುಳದ ಮಾತು, ಮತ್ತೇನೂ ಅಲ್ಲ" ಎಂದು ಅಲ್ಲೇ ಕಡಿದುಬಿಡಿ. ನೀವೂ ಒಂದು ಶಿಸ್ತು ಇಟ್ಟುಕೊಳ್ಳಿ. ಮೂವರು ನಿಂತಿರುವಾಗ ಮೂರನೆಯವರಿಗೆ ತಿಳಿಯದ ಭಾಷೆಯಲ್ಲಿ ಇನ್ನೊಬ್ಬರೊಡನೆ ಮಾತನಾಡಬೇಡಿ. ಬೋರ್ಡಿನ ಸೂಚನೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಇರಲಿ. ಕಾಕಾರೊಡನೆ ಆ ಸಂಜೆಯ ಮಾತನ್ನು ನಿಮಗೆ ಬರುವಷ್ಟು ಮರಾಠಿಯಲ್ಲೇ ಆರಂಭಿಸಿದರೆ ನಿಮ್ಮ ಕನ್ನಡಕ್ಕೇನೂ ಕುಂದಿಲ್ಲ.

ಇನ್ನು ನಿಮಗಾಗುವ ಅವಮಾನ. ಮೇಲಿನದೆಲ್ಲ ಆದರೆ ಅದರಲ್ಲಿ ಬಹುಪಾಲು ತಾನೇ ಕಡಿಮೆಯಾಗುತ್ತದೆ. ಉಳಿದದ್ದನ್ನು ಒಂದಷ್ಟು ದಿನ ನುಂಗಿಕೊಳ್ಳಿ ಎಂದು ನಿಮಗೆ ನೇರವಾಗಿಯೇ ಹೇಳುತ್ತೇನೆ.

ಪ್ರಶ್ನೆ: ವಿಜಯಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿದ್ದೇನೆ. ಕೈಕೆಳಗೆ ಹನ್ನೊಂದು ಸ್ಟಾಫ್ ನರ್ಸ್‌ಗಳಿದ್ದಾರೆ. ಡ್ಯೂಟಿ ಪಟ್ಟಿ ಹಾಕಿದ ದಿನ ಜಗಳ ಖಂಡಿತ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗ ಎಲ್ಲರಿಗೂ ರಜೆ ಬೇಕು. ಜೊತೆಗೆ ಆಡಳಿತದವರ ಸಂಬಂಧಿಯಾದ ಒಬ್ಬಳು ರಾತ್ರಿ ಪಾಳಿ ಮಾಡುವುದೇ ಇಲ್ಲ, ಉಳಿದವರು ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಾರೆ.

ಉತ್ತರ: ಅಕ್ಕಾ, ಮೊದಲು ಜಾತ್ರೆಯ ರಜೆ ನೋಡೋಣ. ಅಮೆರಿಕದಲ್ಲಿ ಆಡಳಿತ ವಿಷಯಗಳ ಬಗ್ಗೆ ಚಿಂತಿಸಿದ ಮೇರಿ ಪಾರ್ಕರ್ ಫಾಲೆಟ್ ಎಂಬವರು 1925ರಲ್ಲಿ ತಮಗಾದ ಒಂದು ಸಣ್ಣ ಅನುಭವ ಹೇಳಿದ್ದರು. ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಇವರಿಗೆ ಮುಚ್ಚಬೇಕಿತ್ತು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಅವರಿಗೆ ಬೇಕಾದದ್ದು ಗಾಳಿ, ಇವರಿಗೆ ಬೇಡವಾದದ್ದು ಮೈಮೇಲೆ ನೇರವಾಗಿ ಬೀಸುವ ಗಾಳಿ. ಕಿಟಕಿಗಾಗಿ ಹಟ ಯಾರಿಗೂ ಇರಲಿಲ್ಲ. ನಿಮ್ಮ ಹನ್ನೊಂದು ಜನರಿಗೂ "ರಜೆ ಬೇಕೇ" ಎಂದು ಕೇಳಿದರೆ ಹನ್ನೊಂದೂ ಕೈ ಮೇಲೇಳುತ್ತವೆ. "ಯಾವ ಹೊತ್ತು ಬೇಕು, ಯಾತಕ್ಕೆ ಬೇಕು" ಎಂದು ಒಬ್ಬೊಬ್ಬರನ್ನೇ ಕೇಳಿ. ಒಬ್ಬಳಿಗೆ ಅತ್ತೆಯ ಮನೆಯವರೊಡನೆ ಕೂಡಲಸಂಗಮಕ್ಕೆ ಹೊಳೆಯ ಸ್ನಾನಕ್ಕೆ ಹೋಗಬೇಕಿರುತ್ತದೆ, ಅವಳಿಗೆ ಬೆಳಗು ಬೇಕು. ಇನ್ನೊಬ್ಬಳಿಗೆ ಮಕ್ಕಳನ್ನು ಸಂಜೆ ಜಾತ್ರೆಗೆ ಕರೆದೊಯ್ಯಬೇಕಿರುತ್ತದೆ. ಮತ್ತೊಬ್ಬಳಿಗೆ ಹಬ್ಬಕ್ಕಿಂತ ಮೂರು ದಿನ ತಡವಾಗಿ ತವರಿಗೆ ಹೋಗಲು ಎರಡು ದಿನ ಸಿಕ್ಕರೆ ಅದೇ ದೊಡ್ಡದು. ಎಲ್ಲರಿಗೂ ಕೊಡಲಾಗದೆ ಉಳಿದಾಗ, ಹೋದ ವರ್ಷ ಹಬ್ಬದ ದಿನ ದುಡಿದವರಿಗೆ ಈ ವರ್ಷ ಮೊದಲ ಹಕ್ಕು ಎಂಬ ಒಂದು ನಿಯಮ ಸಾಕು. ಅದನ್ನು ಡಿಸೆಂಬರ್ ಮೊದಲ ವಾರವೇ ಗೋಡೆಗೆ ಅಂಟಿಸಿ. ಹಬ್ಬ ಎದುರಿಗೆ ಬಂದಾಗ ಹೇಳಿದ ನಿಯಮ ಯಾರಿಗೂ ನ್ಯಾಯವಾಗಿ ಕಾಣುವುದಿಲ್ಲ.

ರಾತ್ರಿ ಪಾಳಿಯ ವಿಷಯದಲ್ಲಿ ನೀವು ಆ ಹುಡುಗಿಯೊಡನೆ ಜಗಳಕ್ಕೆ ಹೋಗಬೇಡಿ. ವಿನಾಯಿತಿ ಕೊಟ್ಟವರು ಯಾರೋ ಅವರನ್ನು ಕೇಳಿ, ಲಿಖಿತವಾಗಿ: ಇವರಿಗೆ ರಾತ್ರಿ ಪಾಳಿಯಿಂದ ವಿನಾಯಿತಿ ಇದೆಯೇ, ಎಲ್ಲಿಯ ತನಕ, ಯಾವ ಕಾರಣಕ್ಕೆ, ಅದಕ್ಕೆ ಬದಲು ಇವರು ಯಾವ ಹೆಚ್ಚಿನ ಪಾಳಿ ಮಾಡಬೇಕು. ಆರೋಗ್ಯದ ಕಾರಣವಿರಲೂಬಹುದು, ನಿಮಗೆ ಗೊತ್ತಿಲ್ಲ. ಕಾಗದದ ಮೇಲೆ ಕೇಳಿದಾಗ ಆಡಳಿತದವರಿಗೆ ಎರಡೇ ದಾರಿ, ಸಕಾರಣವಾಗಿ ಬರೆದು ಕೊಡಬೇಕು ಇಲ್ಲವೇ ಪಾಳಿಗೆ ಹಾಕಿ ಎನ್ನಬೇಕು. ಉತ್ತರವೇ ಬಾರದಿದ್ದರೆ ಮುಂದಿನ ಪಟ್ಟಿಯಲ್ಲಿ ಅವಳ ಹೆಸರನ್ನು ಎಲ್ಲರಂತೆ ರಾತ್ರಿಗೆ ಹಾಕಿ. ಬದಲಾಯಿಸಬೇಕೆಂದವರು ತಮ್ಮ ಸಹಿಯಿಂದ ಬದಲಾಯಿಸಲಿ. ಇನ್ನೊಬ್ಬರ ಪಕ್ಷಪಾತವನ್ನು ನಿಮ್ಮ ಕೈಬರಹದಲ್ಲಿ ಬರೆಯುತ್ತ ಬಂದದ್ದರಿಂದಲೇ ಸಿಟ್ಟು ನಿಮ್ಮ ಮೇಲೆ ಬಿದ್ದಿದೆ.

ಪ್ರಶ್ನೆ: ಇಳಕಲ್ಲಿನಲ್ಲಿ ಸೀರೆ ಅಂಗಡಿಯೊಂದರ ವ್ಯವಸ್ಥಾಪಕ ನಾನು. ಒಟ್ಟು ಏಳು ಜನ ಕೆಲಸಕ್ಕಿದ್ದೇವೆ. ಸೀರೆ ಮಡಚುವಾಗ ಹಿರಿಯ ಸೇಲ್ಸ್‌ಮನ್ ಮೈಮುಟ್ಟುತ್ತಾನೆ, ರಾತ್ರಿ ಮೊಬೈಲಿಗೆ ಕೆಟ್ಟ ಸಂದೇಶ ಕಳಿಸುತ್ತಾನೆ ಎಂದು ಲೆಕ್ಕ ಬರೆಯುವ ಹುಡುಗಿ ಅಳುತ್ತ ಹೇಳಿದಳು. ಮಾಲೀಕರು "ಇಬ್ಬರನ್ನೂ ಕೂಡಿಸಿ ಮಾತಾಡಿ ಮುಗಿಸಿಬಿಡು" ಎಂದಿದ್ದಾರೆ.

ಉತ್ತರ: ಕೂಡಿಸಬೇಡಿ. ಇದು ಇಬ್ಬರ ನಡುವಿನ ಭಿನ್ನಾಭಿಪ್ರಾಯವಲ್ಲ, ರಾಜಿ ಪಂಚಾಯಿತಿಗೆ ಬರುವ ವಿಷಯವೂ ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನಿಮ್ಮ ಅಂಗಡಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಮಾಲೀಕರು ಆಂತರಿಕ ಸಮಿತಿ ರಚಿಸಬೇಕು. ಹತ್ತಕ್ಕಿಂತ ಕಡಿಮೆ ಇರುವ ನಿಮ್ಮಂಥ ಕಡೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಬಾಗಲಕೋಟೆಯಲ್ಲಿರುವ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಲಿಖಿತವಾಗಿ ಹೋಗಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಹೆಚ್ಚಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಂಧಾನಕ್ಕೆ ಅವಕಾಶವಿರುವುದು ಆ ಹುಡುಗಿಯೇ ಕೇಳಿಕೊಂಡರೆ ಮಾತ್ರ, ಅದೂ ಸಮಿತಿಯ ಮುಂದೆ, ಮತ್ತು ಹಣದ ಮೇಲೆ ಇತ್ಯರ್ಥವಾಗುವಂತಿಲ್ಲ.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಲು ನೆರವಾಗಿ, ಸಂದೇಶಗಳನ್ನು ಅಳಿಸಬೇಡವೆಂದು ಹೇಳಿ, ಪೊಲೀಸರಿಗೆ ಹೋಗಬೇಕೆಂದರೆ ಜೊತೆಗೆ ನಿಲ್ಲಿ. ಅಲ್ಲಿಯ ತನಕ ಅವರಿಬ್ಬರು ಒಂದೇ ಗಲ್ಲೆಯ ಹಿಂದೆ ನಿಲ್ಲದಂತೆ ಕೆಲಸ ಬದಲಿಸಿ. ಬದಲಾಗುವುದು ಅವನ ಜಾಗವಾಗಲಿ, ಅವಳದಲ್ಲ. ಅವಳ ಹೆಸರು ಅಂಗಡಿಯ ಬಾಗಿಲು ದಾಟಿ ಪೇಟೆಗೆ ಹೋಗಬಾರದು, ಅದರ ಹೊಣೆ ನಿಮ್ಮದು. ನಿಮ್ಮ ಬಳಿ ಬಂದು ಹೇಳಿದಳೆಂದರೆ ಆ ಏಳು ಜನರಲ್ಲಿ ನಿಮ್ಮನ್ನು ನಂಬಿದ್ದಾಳೆ.

ಪ್ರಶ್ನೆ: ಬನಹಟ್ಟಿಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಮೇಲ್ವಿಚಾರಕ ನಾನು. ಮಾಲೀಕರು ಒಂದು ಬಣ್ಣ ಹೇಳಿದರೆ, ಮಧ್ಯಾಹ್ನ ಅವರ ತಂದೆ ಬಂದು ನೇಕಾರರಿಗೆ ನೇರವಾಗಿ ಬೇರೆ ಹೇಳಿ ಹೋಗುತ್ತಾರೆ. ಆರ್ಡರ್ ತಪ್ಪಿದರೆ ಬೈಸಿಕೊಳ್ಳುವವನು ನಾನು. ಹಿರಿಯರು, ಎದುರು ಮಾತಾಡಲಾರೆ.

ಉತ್ತರ: ಎದುರು ಮಾತಾಡಬೇಕಾಗಿಲ್ಲ, ಅವರು ಬರುವುದಕ್ಕಿಂತ ಮೊದಲೇ ನೀವು ಅವರ ಬಳಿ ಹೋಗಬೇಕು. ಆ ಶೆಡ್ಡನ್ನು ಕಟ್ಟಿದವರು ಅವರು. ಈಗ ಏನು ನಡೆದಿದೆಯೆಂದು ಯಾರೂ ಹೇಳದೆ ಇರುವುದರಿಂದಲೇ ಮಗ್ಗದ ನಡುವೆ ಬಂದು ನಿಲ್ಲುತ್ತಾರೆ. ದಿನವೂ ಬೆಳಿಗ್ಗೆ ಹತ್ತು ನಿಮಿಷ ಅವರ ಮನೆಯ ಕಟ್ಟೆಗೆ ಹೋಗಿ ಯಾವ ಮಗ್ಗದಲ್ಲಿ ಯಾವ ಬೀಮು (ಹಾಸಿನ ನೂಲು ಸುತ್ತಿದ ಉರುಳೆ), ಯಾವ ಬಣ್ಣ, ಯಾರ ಆರ್ಡರ್ ಎಂದು ಚೀಟಿಯಲ್ಲಿ ಬರೆದು ಓದಿ ಹೇಳಿ, ಅವರ ಅಭಿಪ್ರಾಯ ಕೇಳಿ. ಬದಲಾಯಿಸಬೇಕೆಂದರೆ ಅಲ್ಲೇ, ಅವರ ಎದುರಿಗೇ, ಮಗನಿಗೆ ಫೋನ್ ಹಚ್ಚಿ ಅವರ ಕೈಗೆ ಕೊಡಿ. ಇತ್ತ ನೇಕಾರರಿಗೂ ಒಂದು ಮಾತು ಹೇಳಿಡಿ: ಹಿರಿಯ ಯಜಮಾನರು ಏನು ಹೇಳಿದರೂ ಇಲ್ಲವೆನ್ನಬೇಡಿ, "ಆತ್ರಿ, ಅಣ್ಣಾರಿಗೆ ಹೇಳಿ ಮಾಡ್ತೀವ್ರಿ" ಎಂದು ಹೇಳಿ ನನ್ನನ್ನು ಕರೆಯಿರಿ. ಬೆಳಗಿನ ಚೀಟಿಯ ಮೇಲೆ ಮಾಲೀಕರ ಸಹಿ ಇಲ್ಲದೆ ಹೊಸ ಬೀಮು ಏರಿಸಬೇಡಿ.